ಸಿಬ್ಬಂದಿ ಸಹಿತ

ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ಡಾಕ್ಟರ್ ಭೀಮಸೇನ ದೇಸಾಯಿಯ ತಲೆಯಲ್ಲಿ ಶ್ರೀಖಂಡದ ಲೆಕ್ಕ ಓಡುತ್ತಿತ್ತು. ಮೂವತ್ತೆರಡು ಜನ ವೈದ್ಯರು, ಎರಡು ಮಧ್ಯಾಹ್ನದ ಊಟ, ತಲೆಗೆ ಎರಡೂವರೆ ರೂಪಾಯಿ. ಕಳೆದ ಸಲ ತಲೆಗೆ ಎರಡೇ ಇತ್ತು. ಈಗ ಸಕ್ಕರೆ ತುಟ್ಟಿ, ಎರಡೂವರೆ ಹಾಕದಿದ್ದರೆ ವಡೋದರಾದ ಅಡುಗೆಯವನು ಮುಖ ತಿರುಗಿಸುತ್ತಾನೆ. ಒಟ್ಟು ನೂರ ಅರವತ್ತು. ಆ ನೂರ ಅರವತ್ತರಲ್ಲಿ ಬೇರೆ ಏನು ಮಾಡಬಹುದಿತ್ತು ಎಂದು ಯೋಚಿಸಬಾರದೆಂದು ನಿನ್ನೆಯೇ ನಿಶ್ಚಯಿಸಿಕೊಂಡಿದ್ದ. ನಿಶ್ಚಯಿಸಿಕೊಂಡಿದ್ದಕ್ಕೇ ಇರಬೇಕು, ಯೋಚನೆ ಬಂದೇ ಬಂತು. ಸೂರತ್ತಿನಿಂದ ವಡೋದರಾಕ್ಕೆ ಮೂರನೆಯ ದರ್ಜೆಯಲ್ಲಿ ಹೋಗಿಬರಲು ಎಂಟು ರೂಪಾಯಿ ಹಿಡಿದರೂ ಇಪ್ಪತ್ತು ನರ್ಸುಗಳು ಬಂದು ಹೋಗಬಹುದಿತ್ತು. ಕ್ಷೌರದ ಕತ್ತಿ ಕೆನ್ನೆಯ ಮೇಲೆ ನಿಂತೇ ಇತ್ತು. ಅಹಮದಾಬಾದು, ವಡೋದರಾ, ಸೂರತ್ತು ಈ ಮೂರು ಊರುಗಳ ಗಿರಣಿ ಕಾರ್ಮಿಕರ ದವಾಖಾನೆಗಳನ್ನು ನೋಡಿಕೊಳ್ಳುವ ಮಂಡಳಿಯಲ್ಲಿ ಅವನು ಆರು ವರ್ಷದಿಂದ ತರಬೇತಿ ಅಧಿಕಾರಿ. ವರ್ಷಕ್ಕೊಮ್ಮೆ ದವಾಖಾನೆಗಳ ವೈದ್ಯರನ್ನೂ ನರ್ಸುಗಳನ್ನೂ ಒಂದು ಕಡೆ ಸೇರಿಸಿ, ಅವರು ಓದಿ ಮುಗಿಸಿದ ಮೇಲೆ ಹೊಸದಾಗಿ ಬಂದ ಔಷಧಗಳನ್ನೂ ಹೊಸದಾಗಿ ತಿಳಿದ ಅಪಾಯಗಳನ್ನೂ ತಿಳಿಸಿಕೊಡುವ ರಿಫ್ರೆಶರ್ ಕೋರ್ಸಿಗೆ ಯೋಜನೆ ಹಾಕುವುದು, ಅದರ ಖರ್ಚಿನ ಅಂದಾಜು ಬರೆಯುವುದು ಅವನ ಕೆಲಸ. ಆರು ವರ್ಷದಲ್ಲಿ ಅವನು ಒಬ್ಬ ರೋಗಿಯ ನಾಡಿಯನ್ನೂ ಹಿಡಿದಿರಲಿಲ್ಲ. ಮುಂದಿನ ಕೋರ್ಸಿನ ಅಂದಾಜು ಇವತ್ತು ಸಂಜೆ ನಾಲ್ಕಕ್ಕೆ ನಿರ್ದೇಶಕರ ಮೇಜಿಗೆ ಹೋಗಬೇಕು. ಇನ್ನೊಂದು ಹಾಳೆಯೂ ಇವತ್ತೇ ಸೂರತ್ತಿಗೆ ಹೊರಡಬೇಕು. ಸೂರತ್ತಿನ ವಿಚಾರಣಾಧಿಕಾರಿ ಕಳಿಸಿದ ಆ ಹಾಳೆಯನ್ನು ಅವನು ಒಂಬತ್ತು ದಿನದಿಂದ ಬೇರೆ ಕಾಗದಗಳ ಕೆಳಗೆ ಇಟ್ಟುಕೊಂಡು ಬಂದಿದ್ದ.

“ಏನ್ರೀ, ಸಾಬೂನ ಒಣಗಿ ಹೋತು. ಯಾರ ಜೋಡಿ ಮಾತಾಡ್ಲಿಕತ್ತೀರಿ?” ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿ ನಳಿನಿ ಕೇಳಿದಳು. ಯಾರ ಜೋಡೀನೂ ಇಲ್ಲ ಎಂದ. “ಇಪ್ಪತ್ತು, ಇಪ್ಪತ್ತು ಅನ್ಲಿಕತ್ತಿದ್ರಿ. ರಾತ್ರಿ ನಿದ್ದಿಗಣ್ಣಾಗೂ ಏನೋ ಅಂದ್ರಿ. ಡೆಪ್ಯುಟಿ ಆರ್ಡರಿನ ಚಿಂತಿ ಹಚ್ಚಿಕೊಂಡೀರೇನು? ಬರೂದು ಬಂದ ಬರ್ತದ ತಗೋರಿ, ನಿಮಗಿಂತ ಹಿರಿಯರು ಯಾರದಾರ ಆಫೀಸಿನಾಗ.” ಅವಳ ದನಿಯಲ್ಲಿದ್ದ ಭರವಸೆ ಅವನಿಗೆ ಚುಚ್ಚಿತು. ಉಪನಿರ್ದೇಶಕನ ಹುದ್ದೆಗೆ ಅವನ ಹೆಸರು ಹೋಗಿರುವುದು ನಿಜ. ಹೋಗಲು ಕಾರಣವಾದದ್ದು ಕಳೆದ ವರ್ಷದ ಕೋರ್ಸು ಎನ್ನುವುದೂ ನಿಜ. ಕಡಿಮೆ ಖರ್ಚಿನಲ್ಲಿ ತೊಂಬತ್ತು ಜನರಿಗೆ ತರಬೇತಿ ಕೊಟ್ಟ ಅಧಿಕಾರಿ ಎಂದು ಮಂಡಳಿಯ ವಾರ್ಷಿಕ ಸಭೆಯಲ್ಲಿ ಹೆಸರು ಹಿಡಿದು ಹೇಳಿದ್ದರು. ಆ ಸಂಜೆ ನಳಿನಿ ಹೋಳಿಗೆ ಮಾಡಿದ್ದಳು. ಮಗಳು ಅನುರಾಧಾ ತನ್ನ ಗೆಳತಿಯರಿಗೆ ಗುಜರಾತಿಯಲ್ಲಿ, ನಮ್ಮಪ್ಪ ಡಾಕ್ಟರಿಗೇ ಮಾಸ್ತರ ಎಂದು ಹೇಳುತ್ತಿದ್ದುದನ್ನು ಅವನು ಒಳಗಿನ ಕೋಣೆಯಿಂದ ಕೇಳಿಸಿಕೊಂಡು ಹಿಗ್ಗಿದ್ದ. ಹಿಗ್ಗಿದ್ದನ್ನು ನೆನೆದರೆ ಈಗ ಮೈ ಮುದುರಿಕೊಳ್ಳುವಂತಾಗುತ್ತದೆ.

ತೊಂಬತ್ತು ಜನ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಆ ತೊಂಬತ್ತು ಹುಟ್ಟಿದ ಬಗೆ ಅವನಿಗೆ ಮತ್ತೆ ಮೊದಲಿನಿಂದ ನೆನಪಾಯಿತು, ಬೇಡವೆಂದರೂ. ಮೊದಲ ಅಂದಾಜಿನಲ್ಲಿ ಮೂವತ್ತೆರಡು ವೈದ್ಯರು, ಐವತ್ತೆಂಟು ನರ್ಸು ಮತ್ತು ಕಂಪೌಂಡರುಗಳು ಎಂದು ಅವನೇ ಬರೆದಿದ್ದ, ಮಂಜೂರಾದದ್ದೂ ಹಾಗೆಯೇ. ಅಷ್ಟರಲ್ಲಿ ರೂಪಾಯಿಯ ಬೆಲೆ ಇಳಿಯಿತು, ಎಲ್ಲ ಕಡೆ ಕೈ ಬಿಗಿಹಿಡಿಯಿರಿ ಎಂಬ ಸುತ್ತೋಲೆ ಬಂತು. ಐದು ಸಾವಿರದ ಇನ್ನೂರನ್ನು ಮೂರೂವರೆ ಸಾವಿರಕ್ಕೆ ಇಳಿಸಿ, ಆದರೆ ಸಂಖ್ಯೆ ಕಡಿಮೆಯಾಗಬಾರದು, ಸಂಖ್ಯೆ ನೋಡಿಯೇ ದಿಲ್ಲಿಯವರು ಮುಂದಿನ ವರ್ಷ ಹಣ ಕೊಡುವುದು ಎಂದರು ನಿರ್ದೇಶಕರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದು ಮಧ್ಯಾಹ್ನವೆಲ್ಲ ಕೂತು ಅವನು ಒಂದೊಂದೇ ಬಾಬತ್ತನ್ನು ನೋಡಿದ. ಉಪನ್ಯಾಸಕರ ಸಂಭಾವನೆಗೆ ಕೈ ಹಾಕುವಂತಿಲ್ಲ, ಅವರು ದೊಡ್ಡವರು. ಊಟಕ್ಕೆ ಕೈ ಹಾಕಿದರೆ ವೈದ್ಯರು ಬರುವುದೇ ಇಲ್ಲ. ಹಿಂದೊಮ್ಮೆ ಬರೇ ಚಹಾ ಕೊಟ್ಟಾಗ ಹನ್ನೊಂದು ಜನ ಬಂದಿದ್ದರು. ಚರ್ಮದ ಕೈಚೀಲ, ಗ್ರೂಪ್ ಫೋಟೋ, ಉದ್ಘಾಟನೆಯ ಹಾರ ಇವೆಲ್ಲ ಅತಿಥಿ ಸತ್ಕಾರದ ಬಾಬತ್ತು. ಅಲ್ಲಿನ ಹಣವನ್ನು ಪ್ರಯಾಣದ ಬಾಬತ್ತಿಗೆ ತರುವಂತಿಲ್ಲ, ನಿಯಮವಿದೆ. ಉಳಿದದ್ದು ಒಂದೇ ಸಾಲು. ನರ್ಸು, ಕಂಪೌಂಡರುಗಳ ಪ್ರಯಾಣ ಮತ್ತು ವಸತಿ. ಅದರ ಮೇಲೆ ಗೀಟು ಎಳೆಯುವಾಗ ಅವನಿಗೆ ಅಳುಕಾಗಲಿಲ್ಲ. ಅಳುಕಾಗಿತ್ತು ಎಂದು ಈಗ ಹೇಳಿಕೊಂಡರೆ ಅದು ಸುಳ್ಳು. ಬದಲಿಗೆ ಒಂದು ಯುಕ್ತಿ ಹೊಳೆದ ಖುಷಿಯಾಗಿತ್ತು. ವೈದ್ಯರು ಕಲಿತು ಹೋಗಿ ತಮ್ಮ ತಮ್ಮ ದವಾಖಾನೆಯವರಿಗೆ ಕಲಿಸಲಿ. ಹಾಜರಿ ಪಟ್ಟಿಯ ತಲೆಯ ಮೇಲೆ ‘ವೈದ್ಯಾಧಿಕಾರಿ, ಸಿಬ್ಬಂದಿ ಸಹಿತ’ ಎಂದು ಹಾಕಿದರಾಯಿತು. ಒಬ್ಬ ವೈದ್ಯ ಸಹಿ ಮಾಡಿದರೆ ಅವನ ನರ್ಸೂ ಕಂಪೌಂಡರೂ ಲೆಕ್ಕಕ್ಕೆ ಬಂದರು. ಮೂವತ್ತೆರಡು ಸಹಿ, ತೊಂಬತ್ತು ಜನ. ನಿರ್ದೇಶಕರು ಹಾಳೆಯನ್ನು ನೋಡಿ, ದೇಸಾಯಿ, ನಿಮ್ಮ ತಲೆಯೇ ತಲೆ ಎಂದು ಬೆನ್ನು ತಟ್ಟಿದ್ದರು. ಬಸ್ಸು ಗಕ್ಕನೆ ನಿಂತು, ಹಿಂದಿದ್ದ ಹೆಂಗಸಿನ ಬುಟ್ಟಿ ಅದೇ ಬೆನ್ನಿಗೆ ತಾಗಿತು. ಆಕೆ ಗುಜರಾತಿಯಲ್ಲಿ ಬೈದಳು. ಅವನು ಕ್ಷಮೆ ಕೇಳಿದ. ಕೇಳಬೇಕಾದವಳು ಆಕೆಯಾಗಿದ್ದರೂ ಕೇಳಿ ಮುಗಿಸಿದಾಗ ಅವನಿಗೆ ಒಂದು ಬಗೆಯ ಹಗುರ ಎನಿಸಿತು.

ವಡೋದರಾದಲ್ಲಿ ಅವತ್ತು ಕೋರ್ಸು ಎಷ್ಟು ಚೆನ್ನಾಗಿ ನಡೆದಿತ್ತು. ನವೆಂಬರಿನ ಹಿತವಾದ ಬಿಸಿಲು, ಎತ್ತರದ ಚಾವಣಿಯ ಸಭಾಂಗಣ, ಬಾಗಿಲಲ್ಲಿ ಗುಲಾಬಿ ನೀರು. ಎರಡನೆಯ ದಿನದ ಮೊದಲ ಉಪನ್ಯಾಸವೇ ಪೆನಿಸಿಲಿನ್ನಿನ ಮೇಲೆ. ಮುಂಬಯಿಯಿಂದ ಬಂದ ವಯಸ್ಸಾದ ಪ್ರಾಧ್ಯಾಪಕರು ಮೇಜಿನ ಮೇಲೆ ಒಂದು ಟ್ರೇ ಇಟ್ಟುಕೊಂಡು, ಲಕ್ಷ ಜನರಿಗೆ ಅಮೃತವಾದದ್ದು ಒಬ್ಬನಿಗೆ ಮೂರು ನಿಮಿಷದಲ್ಲಿ ಮೃತ್ಯುವಾಗುತ್ತದೆ, ಆ ಮೂರು ನಿಮಿಷದಲ್ಲಿ ನೀವು ಇರುವುದಿಲ್ಲ, ನಿಮ್ಮ ನರ್ಸು ಇರುತ್ತಾಳೆ ಎಂದು ಹೇಳಿ ತಲೆಯೆತ್ತಿ ಸಭೆಯನ್ನು ನೋಡಿದ್ದರು. ಸಭೆಯಲ್ಲಿ ಒಬ್ಬಳೇ ಒಬ್ಬಳು ನರ್ಸೂ ಇರಲಿಲ್ಲ. ಅವರಿಗೆ ಅದು ಗೊತ್ತಾಯಿತೋ ಇಲ್ಲವೋ, ಭೀಮಸೇನನಿಗೆ ಗೊತ್ತಾಗಿತ್ತು. ಅವನು ಗೋಡೆಯ ಹತ್ತಿರ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದ, ಏಕೆಂದರೆ ಪೂರಿ ಕರಿಯಲು ಹೇಳಿಕಳಿಸುವ ಹೊತ್ತಾಗಿತ್ತು. ಸೂರತ್ತಿನ ವೈದ್ಯನೊಬ್ಬ ಆ ಉಪನ್ಯಾಸದ ನಡುವೆಯೇ ಎದ್ದು ಬಂದು, ದೇಸಾಯಿ ಭಾಯಿ, ಸಹಿ ಎಲ್ಲಿ ಮಾಡಲಿ, ನನಗೆ ಪೇಟೆಯಲ್ಲಿ ಸ್ವಲ್ಪ ಕೆಲಸವಿದೆ ಎಂದ. ಭೀಮಸೇನನೇ ಪಟ್ಟಿಯನ್ನು ಅವನ ಮುಂದೆ ಹಿಡಿದ, ತನ್ನದೇ ಪೆನ್ನು ಕೊಟ್ಟ. ಸಿಬ್ಬಂದಿ ಸಹಿತ. ಅವನ ದವಾಖಾನೆಯ ಸಿಬ್ಬಂದಿಯೆಂದರೆ ಒಬ್ಬ ಕಂಪೌಂಡರ್, ಒಬ್ಬ ನರ್ಸು. ನರ್ಸಿನ ಹೆಸರು ಇಚ್ಛಾಬೆನ್ ಎಂದು ಆಗ ಗೊತ್ತಿರಲಿಲ್ಲ.

ಅಹಮದಾಬಾದಿನ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಗೋಪಾಲಕೃಷ್ಣ ಆಗಲೇ ಬಂದು ಎರಡು ಕಡತಗಳನ್ನೂ ಅಕ್ಕಪಕ್ಕ ಇಟ್ಟಿದ್ದ. ಮೈಸೂರಿನ ಕಡೆಯವನು, ಅಚ್ಚುಕಟ್ಟು, ಕಾಗದದ ಮೇಲಿಲ್ಲದ ಯಾವುದನ್ನೂ ನಂಬದವನು. “ಸಾರ್, ಅಂದಾಜು ಟೈಪ್ ಆಗಿದೆ, ಕಳೆದ ವರ್ಷದ ಮಾದರಿಯಲ್ಲೇ. ಊಟಕ್ಕೆ ಮಾತ್ರ ಎಂಟಾಣೆ ಜಾಸ್ತಿ ಹಾಕಿದೀನಿ. ಈ ಸೂರತ್ತಿನದಕ್ಕೂ ಉತ್ತರ ಕರಡು ಮಾಡಿಟ್ಟಿದೀನಿ, ತಾವು ನೋಡಿ ಸಹಿ ಹಾಕಿದ್ರೆ ಐದರ ರೈಲಿಗೆ ಟಪಾಲಿನ ಚೀಲದಲ್ಲಿ ಹೋಗತ್ತೆ. ನಾಳೆ ಬೆಳಿಗ್ಗೆ ಅಲ್ಲಿ ವಿಚಾರಣೆ.”

“ಕರಡಿನಾಗ ಏನಂತ ಬರದೀರಿ?”

“ತರಬೇತಿ ಕೊಡಲಾಗಿದೆ ಅಂತ. ಬೇರೆ ಏನು ಬರೆಯಕ್ಕಾಗತ್ತೆ ಸಾರ್? ತೊಂಬತ್ತು ಜನಕ್ಕೆ ಕೊಟ್ಟಿದೀವಿ ಅಂತ ನಾವೇ ಸರ್ಟಿಫಿಕೇಟು ಬರೆದು ದಿಲ್ಲಿಗೆ ಕಳಿಸಿದೀವಿ. ಆ ತೊಂಬತ್ತರಲ್ಲಿ ಈ ಸೂರತ್ತಿನ ನರ್ಸೂ ಒಬ್ಬಳು. ಈಗ ಇಲ್ಲ ಅಂದ್ರೆ ಅದು ಸುಳ್ಳು ಸರ್ಟಿಫಿಕೇಟು ಅಂತಾಗತ್ತೆ, ಅದರ ಕೆಳಗೆ ತಮ್ಮ ಸಹಿ ಇದೆ.” ದನಿ ತಗ್ಗಿಸಿ, “ತಮ್ಮ ಆರ್ಡರು ಟೈಪಿಗೆ ಬಂದಿದೆ ಅಂತ ಮೇಲಿನವರು ಹೇಳ್ತಿದ್ರು ಸಾರ್” ಎಂದ. ಅವನ ಕಣ್ಣಿನಲ್ಲಿ ಕೆಡುಕಿರಲಿಲ್ಲ. ತನ್ನ ಸಾಹೇಬನಿಗೆ ಒಳ್ಳೆಯದಾಗಲಿ ಎಂಬ ಶುದ್ಧ ಹಾರೈಕೆಯಿತ್ತು. ಆಮೇಲೆ ನೋಡೋಣ ಎಂದು ಭೀಮಸೇನ ಕಡತವನ್ನು ಬದಿಗೆ ಸರಿಸಿದ. ಅಂದಾಜಿನ ಹಾಳೆಯನ್ನು ಹತ್ತಿರ ಎಳೆದುಕೊಂಡ. ಕಳೆದ ವರ್ಷದ ಮಾದರಿಯಲ್ಲೇ. ನರ್ಸುಗಳ ಸಾಲೇ ಇರಲಿಲ್ಲ. ಒಮ್ಮೆ ಹೊಡೆದುಹಾಕಿದ ಸಾಲು ಮುಂದಿನ ವರ್ಷ ತಾನಾಗಿ ಹುಟ್ಟಿ ಬರುವುದಿಲ್ಲ. ಅದು ಇತ್ತೆಂಬುದೇ ಮರೆತುಹೋಗುತ್ತದೆ. ಉಳಿತಾಯ ಮಾಡಿದವನು ಮನೆಯೊಳಗಿನ ಕಿಟಕಿಯೊಂದನ್ನು ಮುಚ್ಚಿದ ಹಾಗೆ, ಆಮೇಲೆ ಬಂದವರು ಅಲ್ಲಿ ಗೋಡೆಯೇ ಇತ್ತೆಂದು ತಿಳಿಯುತ್ತಾರೆ.

ಫೆಬ್ರವರಿಯಲ್ಲಿ ಸೂರತ್ತಿಗೆ ಅವನೇ ಹೋಗಿದ್ದ. ಅಲ್ಲಿನ ದವಾಖಾನೆಯಲ್ಲಾದ ಒಂದು ಸಾವಿನ ನಂತರ ಮಂಡಳಿಯಿಂದ ಯಾರಾದರೂ ಹೋಗಬೇಕಿತ್ತು, ಅವನನ್ನು ಕಳಿಸಿದರು. ವರಾಛಾದ ರಸ್ತೆಯಿಂದ ಒಳಗೆ ಒಂದು ಗಲ್ಲಿ, ಎರಡೂ ಕಡೆ ಮಗ್ಗಗಳ ಸದ್ದು, ಮೂಲೆಯಲ್ಲಿ ದವಾಖಾನೆ. ರಮಣ ಎಂಬ ಇಪ್ಪತ್ತೆರಡು ವರ್ಷದ ಮಗ್ಗದವನು ಕಾಲಿಗೆ ಕುರುವಾಗಿ ಬಂದಿದ್ದ. ವಡೋದರಾದಲ್ಲಿ ಸಹಿ ಮಾಡಿ ಪೇಟೆಗೆ ಹೋಗಿದ್ದ ಅದೇ ವೈದ್ಯ ಬೆಳಿಗ್ಗೆ ಚೀಟಿ ಬರೆದುಕೊಟ್ಟು ತನ್ನ ಖಾಸಗಿ ದವಾಖಾನೆಗೆ ಹೋಗಿದ್ದ. ನರ್ಸು ಇಚ್ಛಾಬೆನ್ ಪೆನಿಸಿಲಿನ್ ಸೂಜಿ ಚುಚ್ಚಿದಳು. ರಮಣ ಎದ್ದು ಎರಡು ಹೆಜ್ಜೆ ಇಟ್ಟು, ಬೆನ್, ಎದೆ ಬಿಗೀತಿದೆ ಎಂದ. ತಲೆ ಸುತ್ತಿರಬೇಕೆಂದು ಆಕೆ ಅವನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಮುಖಕ್ಕೆ ನೀರು ಹೊಡೆದು, ಗಾಳಿ ಬೀಸಿ, ಕಂಪೌಂಡರನನ್ನು ವೈದ್ಯನ ಕಡೆ ಓಡಿಸಿದಳು. ವೈದ್ಯ ಬರುವ ಹೊತ್ತಿಗೆ ಕುರ್ಚಿಯಲ್ಲಿ ಕೂತಿದ್ದವನ ಉಗುರು ನೀಲಿಯಾಗಿತ್ತು. ಭೀಮಸೇನ ಆ ಕುರ್ಚಿಯನ್ನು ನೋಡಿದ. ಅದರಿಂದ ಮೂರು ಹೆಜ್ಜೆಯ ಮೇಲೆ ಗಾಜಿನ ಕಪಾಟಿತ್ತು, ಕಪಾಟಿನ ಎರಡನೆಯ ಹಲಗೆಯ ಮೇಲೆ ಇಂಥ ಹೊತ್ತಿನಲ್ಲಿ ಕೊಡಬೇಕಾದ ಅಡ್ರಿನಲಿನ್ನಿನ ಪೆಟ್ಟಿಗೆಯಿತ್ತು, ಅದರಲ್ಲಿ ಆರು ಆಂಪೂಲುಗಳಿದ್ದವು. ಅವನು ಎಣಿಸಿದ್ದ. ಬಾಗಿಲ ಹೊರಗೆ ರಮಣನ ತಾಯಿ ಕೂತಿದ್ದಳು, ಅಳುತ್ತಿರಲಿಲ್ಲ, ಬಂದವರಿಗೆಲ್ಲ ದಾರಿ ಬಿಡಲು ಸರಿದು ಸರಿದು ಕೂತುಕೊಳ್ಳುತ್ತಿದ್ದಳು. ಅವನಿಗೂ ದಾರಿ ಬಿಟ್ಟಳು. ಒಳಗೆ ಗೋಡೆಗೆ ಒತ್ತಿ ನಿಂತಿದ್ದ ನರ್ಸನ್ನು ಅವನು ಕಣ್ಣೆತ್ತಿ ನೋಡಲಿಲ್ಲ. ಹಿಂದಿರುಗಿ ಬರೆದ ವರದಿಯಲ್ಲಿ, ಔಷಧ ಲಭ್ಯವಿತ್ತು ಎಂಬ ಒಂದು ವಾಕ್ಯವನ್ನು ಮಾತ್ರ ಸ್ಪಷ್ಟವಾಗಿ ಬರೆದ. ಆ ವಾಕ್ಯವೇ ಆಕೆಯ ಕುತ್ತಿಗೆಗೆ ಬಂತು. ಔಷಧವಿತ್ತು, ತರಬೇತಿಯಾಗಿತ್ತು, ಆದರೂ ಕೊಡಲಿಲ್ಲ, ಹಾಗಾದರೆ ಅಲಕ್ಷ್ಯ. ಆರು ತಿಂಗಳಿಂದ ಆಕೆ ಅಮಾನತಿನಲ್ಲಿದ್ದಳು. ನಾಳೆಯ ವಿಚಾರಣೆಯಲ್ಲಿ ಕೆಲಸ ಹೋಗುವುದು ಖಚಿತವೆಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ಎರಡು ಗಂಟೆಯ ಹೊತ್ತಿಗೆ ಜವಾನ ಒಳಗೆ ಬಂದು, ಸೂರತ್ತಿನಿಂದ ಒಬ್ಬ ಹೆಂಗಸು ಬಂದಿದ್ದಾಳೆ, ಹನ್ನೊಂದರಿಂದ ಬೆಂಚಿನ ಮೇಲೆ ಕೂತಿದ್ದಾಳೆ, ಸಾಹೇಬರಿಗೆ ಪುರುಸೊತ್ತಾದಾಗ ಎನ್ನುತ್ತಾಳೆ ಎಂದ. ಹೆಸರು ಕೇಳುವ ಮೊದಲೇ ಭೀಮಸೇನನಿಗೆ ತಿಳಿಯಿತು. ಊಟಕ್ಕೆ ಮನೆಗೆ ಹೋಗುವ ನೆಪದಲ್ಲಿ ಹಿಂದಿನ ಬಾಗಿಲಿನಿಂದ ಹೊರಟುಬಿಡಬಹುದಿತ್ತು. ಕಾಲು ಅತ್ತ ತಿರುಗಿದ್ದೂ ಹೌದು. ಆದರೆ ಅಷ್ಟರಲ್ಲಿ ಆಕೆ ಬಾಗಿಲಲ್ಲಿ ಬಂದು ನಿಂತಿದ್ದಳು. ನಲವತ್ತು ದಾಟಿದ, ತೆಳ್ಳಗಿನ ಹೆಂಗಸು. ಯೂನಿಫಾರಂ ಹಾಕುವ ಹಕ್ಕಿಲ್ಲದ್ದರಿಂದ ಕಂದು ಬಣ್ಣದ ಸೀರೆ, ಬಲಭುಜದ ಮೇಲಿಂದ ಮುಂದೆ ಹೊದ್ದ ಸೆರಗು. ಕೈಯಲ್ಲಿ ಬಟ್ಟೆಯ ಚೀಲ. ಅವಳು ಗುಜರಾತಿಯಲ್ಲಿ ಸೂರತ್ತಿನ ಕಡೆಯ ಧಾಟಿಯಲ್ಲಿ ಶುರುಮಾಡಿದಳು: “ದೇಸಾಯಿ ಸಾಹೇಬರು ನಮ್ಮ ಕಡೆಯವರೇ, ಹೆದರಬೇಡ ಅಂತ ಎಲ್ಲರೂ ಅಂದರು.” ಇದು ಅವನಿಗೆ ಹೊಸದಲ್ಲ. ಸೂರತ್ತಿನ ಕಡೆ ದೇಸಾಯಿಗಳು ಬಹಳ. ಇವನನ್ನೂ ಅವರಲ್ಲೊಬ್ಬನೆಂದು ತಿಳಿದು ಜನ ಹತ್ತಿರ ಬರುತ್ತಾರೆ, ಆಮೇಲೆ ಧಾರವಾಡದವನೆಂದು ತಿಳಿದಾಗ ಅವರ ಮುಖ ಸಣ್ಣದಾಗುತ್ತದೆ. “ಇಲ್ಲ ಬೆನ್, ನಾನು ಕರ್ನಾಟಕದ ದೇಸಾಯಿ” ಎಂದು ಅವನು ತನ್ನ ಒರಟು ಗುಜರಾತಿಯಲ್ಲಿ ಹೇಳಿದ. ಆಕೆಯ ಮುಖ ಸಣ್ಣದಾಗಲಿಲ್ಲ. “ಇರಲಿ ಸಾಹೇಬ, ಕೋರ್ಸು ನಡೆಸಿದವರು ನೀವೇ ತಾನೆ?” ಎಂದಳು.

ಹೌದೆಂದ. ಕೂರಲು ಹೇಳಿದ. ಕೂರಲಿಲ್ಲ. ಈಗ ಬೇಡುತ್ತಾಳೆ, ನನ್ನ ಪರವಾಗಿ ಬರೆಯಿರಿ ಎನ್ನುತ್ತಾಳೆ, ಮಕ್ಕಳ ಹೆಸರು ಹೇಳುತ್ತಾಳೆ, ಆಗ ಏನನ್ನಬೇಕು ಎಂದು ಅವನು ಮನಸ್ಸಿನಲ್ಲೇ ಎರಡು ಮೂರು ಉತ್ತರ ಜೋಡಿಸಿಕೊಂಡ. ನಿಯಮ, ಕಡತ, ಮೇಲಿನವರು.

“ಒಂದು ಕೇಳಬೇಕಿತ್ತು” ಎಂದಳು ಇಚ್ಛಾಬೆನ್. “ಅವತ್ತು ವಡೋದರಾದಲ್ಲಿ ಏನು ಕಲಿಸಿದರು?”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ.

“ನನಗೆ ಕಲಿಸಿದ್ದಾರೆ ಅಂತ ಎಲ್ಲರೂ ಹೇಳುತ್ತಾರೆ ಸಾಹೇಬ. ಕಾಗದದಲ್ಲೂ ಇದೆಯಂತೆ. ನಮ್ಮ ಡಾಕ್ಟರ್ ಸಾಹೇಬರೂ, ನಾನು ಬಂದು ನಿನಗೆ ಹೇಳಿದ್ದೆ, ನೀನು ಮರೆತೆ ಅನ್ನುತ್ತಾರೆ. ಮೊದಮೊದಲು ಇಲ್ಲ ಅಂತ ಜಗಳವಾಡಿದೆ. ಆಮೇಲೆ ನನಗೇ ಅನುಮಾನ ಬಂತು. ಆರು ತಿಂಗಳಾಯಿತು, ದಿನಾ ನೆನಪು ಮಾಡಿಕೊಳ್ಳುತ್ತೇನೆ. ಹೇಳಿದ್ದರೇನೋ, ನಾನು ಸೂಜಿ ಕುದಿಸುತ್ತಾ ಕೇಳಿಸಿಕೊಳ್ಳಲಿಲ್ಲವೇನೋ. ಒಂದು ಹುಡುಗನ ಜೀವ ಮರೆತುಬಿಟ್ಟೆನೇನೋ. ಕಲಿಸಿದ್ದು ಏನೆಂದು ನೀವು ಒಂದು ಸಲ ಹೇಳಿಬಿಟ್ಟರೆ ನನಗೆ ನೆನಪಾಗುತ್ತದೆ. ಕೇಳಿದ ಮಾತು ಮತ್ತೆ ಕೇಳಿದರೆ ಗೊತ್ತಾಗುತ್ತದಲ್ಲ.”

ಭೀಮಸೇನ ಜೋಡಿಸಿಟ್ಟುಕೊಂಡ ಉತ್ತರಗಳಲ್ಲಿ ಒಂದೂ ಇದಕ್ಕೆ ಹೊಂದುತ್ತಿರಲಿಲ್ಲ. ನಿನ್ನನ್ನು ಕರೆಯಲೇ ಇಲ್ಲ, ನಿನ್ನ ಸಾಲನ್ನು ಹೊಡೆದುಹಾಕಿದವನು ನಾನು ಎಂದು ಹೇಳಲು ಬಾಯಿ ತೆರೆದ. ಬಂದ ಮಾತು ಬೇರೆ. “ಕೂತುಕೊಳ್ಳಿ, ಹೇಳುತ್ತೇನೆ” ಎಂದ. ಗೋಡೆಯ ಕಪಾಟಿನಲ್ಲಿ ಪ್ರದರ್ಶನಕ್ಕೆಂದು ಇಟ್ಟ ಟ್ರೇಯಿತ್ತು, ಅದರಲ್ಲಿ ಗಾಜಿನ ಸಿರಿಂಜು, ಖಾಲಿ ಆಂಪೂಲು. ಧೂಳು ಒರೆಸಿ ಮೇಜಿನ ಮೇಲೆ ಇಟ್ಟ. ಸಿರಿಂಜನ್ನು ಎತ್ತಿಕೊಂಡಾಗ ಬೆರಳುಗಳಿಗೆ ಅದರ ಗುರುತು ಹತ್ತಿತು, ಆರು ವರ್ಷದ ನಂತರ. ಹೇಳತೊಡಗಿದ. ಚುಚ್ಚುವ ಮೊದಲು ಕೇಳಬೇಕು: ಹಿಂದೆ ಈ ಸೂಜಿ ತಗೊಂಡಾಗ ಮೈಮೇಲೆ ಗಂಧೆ ಎದ್ದಿತ್ತೇ, ದಮ್ಮು ಇದೆಯೇ. ಚುಚ್ಚಿದ ಮೇಲೆ ಅರ್ಧ ಗಂಟೆ ಯಾರನ್ನೂ ಮನೆಗೆ ಬಿಡಬಾರದು. ಎದೆ ಬಿಗಿಯುತ್ತದೆ, ಉಸಿರು ಸಿಕ್ಕುತ್ತಿಲ್ಲ, ಕಣ್ಣು ಕತ್ತಲೆ ಎಂದರೆ ಕೂರಿಸಬಾರದು, ಮಲಗಿಸಬೇಕು, ಕಾಲು ಎತ್ತರಕ್ಕೆ ಇಡಬೇಕು. ಆಮೇಲೆ ಅಡ್ರಿನಲಿನ್, ಅರ್ಧ ಸಿಸಿ, ಹೀಗೆ, ತಡ ಮಾಡದೆ, ವೈದ್ಯನಿಗೆ ಕಾಯದೆ. ಕಡಿಮೆಯಾಗದಿದ್ದರೆ ಐದು ನಿಮಿಷಕ್ಕೆ ಇನ್ನೊಮ್ಮೆ. ಆಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತುಟಿ ಆಡಿಸುತ್ತಾ ಕೇಳಿದಳು. ಸಿರಿಂಜನ್ನು ಅವಳ ಕೈಗೆ ಕೊಟ್ಟಾಗ ಅವನಿಗಿಂತ ಎಷ್ಟೋ ಸಲೀಸಾಗಿ ಹಿಡಿದು, ಖಾಲಿ ಆಂಪೂಲಿನಿಂದ ಎಳೆದು, ಗೀಟಿನ ಮಟ್ಟಕ್ಕೆ ತಂದು ನಿಲ್ಲಿಸಿ ತೋರಿಸಿದಳು. ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ತಿರುಗಿ ಹೇಳಿದಳು. ಗೋಡೆಯ ಗಡಿಯಾರದಲ್ಲಿ ಎರಡೂ ಕಾಲಾದಾಗ ಶುರುಮಾಡಿದ್ದು. ಈಗ ಎರಡೂ ಇಪ್ಪತ್ತೆರಡು. ರೈಲಿನ ಟಿಕೇಟಿಲ್ಲದೆ, ಹಾರವಿಲ್ಲದೆ, ಊಟವಿಲ್ಲದೆ ಏಳು ನಿಮಿಷ. ಒಂದು ಸುತ್ತೋಲೆಯಲ್ಲಿ ಗುಜರಾತಿಯಲ್ಲಿ ಅಚ್ಚು ಹಾಕಿ ಮೂವತ್ತೆರಡು ದವಾಖಾನೆಗಳ ಗೋಡೆಗೆ ಅಂಟಿಸಬಹುದಾಗಿದ್ದ ಮಾತು. ಅದು ಅವನಿಗೆ ಹೊಳೆದಿರಲಿಲ್ಲ. ಕೋರ್ಸು ನಡೆಸುವುದು ಹೇಗೆಂದು ಗೊತ್ತಿದ್ದವನಿಗೆ ಕಲಿಸುವುದು ಹೇಗೆಂದು ಹೊಳೆದಿರಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಅವನ ಅಜ್ಜ ಆಡುತ್ತಿದ್ದ ಮಾತಿಗೆ ಈಗ ನಗುವುದೂ ಆಗಲಿಲ್ಲ.

ಇಚ್ಛಾಬೆನ್ ಸಿರಿಂಜನ್ನು ಟ್ರೇಯಲ್ಲಿ ಮೆಲ್ಲಗೆ ಇಟ್ಟಳು. ಆಮೇಲೆ ಅವಳ ಮುಖದ ಮೇಲೆ ಬಂದದ್ದನ್ನು ಭೀಮಸೇನ ಮೊದಲು ಅಳುವೆಂದು ತಿಳಿದ. ಅದು ಸಂತೋಷ.

“ಇಲ್ಲ ಸಾಹೇಬ. ಇದನ್ನು ನಾನು ಕೇಳಿಲ್ಲ. ಇವತ್ತೇ ಮೊದಲು. ಅಡ್ರಿನಲಿನ್ ಅಂದರೆ ನನಗೆ ದಮ್ಮಿನ ಸೂಜಿ ಅಂತ ಮಾತ್ರ ಗೊತ್ತಿತ್ತು. ಕಾಲು ಎತ್ತರಕ್ಕೆ ಇಡಬೇಕು ಅನ್ನುವುದನ್ನು ಕೇಳಿದ್ದರೆ ನಾನು ಮರೆಯುತ್ತಿರಲಿಲ್ಲ, ಸಾಯುವ ತನಕ ಮರೆಯುತ್ತಿರಲಿಲ್ಲ.” ಸೆರಗಿನಿಂದ ಮುಖ ಒತ್ತಿಕೊಂಡಳು. “ನಾನು ಮರೆತಿರಲಿಲ್ಲ. ಅಂಬಾ ಮಾ, ನಾನು ಮರೆತಿರಲಿಲ್ಲ.”

ಆಕೆ ಇನ್ನೊಂದು ಪ್ರಶ್ನೆ ಕೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಕೇಳದಿರಲಿ ಎಂದು ಹರಕೆ ಹೊರುವಷ್ಟು ಹೆದರಿಕೆಯಾಯಿತು. ಕೇಳಿಯೇ ಬಿಟ್ಟಳು: “ಹೀಗೆ ಮಾಡಿದ್ದರೆ ರಮಣ ಬದುಕುತ್ತಿದ್ದನೇ?”

ಹೇಳಲಾಗುವುದಿಲ್ಲ, ಕೆಲವರು ಏನು ಮಾಡಿದರೂ ಉಳಿಯುವುದಿಲ್ಲ, ದೇವರ ಇಚ್ಛೆ; ವೈದ್ಯನ ಬಾಯಿಗೆ ಸುಲಭವಾಗಿ ಬರುವ ಮಾತುಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. “ಬಹುಶಃ ಬದುಕುತ್ತಿದ್ದ” ಎಂದ. ಅಂದ ಮೇಲೆ, ಇಷ್ಟು ಹೊತ್ತು ತಡೆದಿದ್ದೂ ಹೊರಗೆ ಬಂತು. “ನಿಮ್ಮನ್ನು ಕರೆಯಲಿಲ್ಲ ಬೆನ್. ಯಾವ ನರ್ಸನ್ನೂ ಕರೆಯಲಿಲ್ಲ. ಹಣ ಉಳಿಸಬೇಕಿತ್ತು, ನಿಮ್ಮ ಸಾಲು ತೆಗೆದೆ. ಕಲಿಸಿದೆ ಅಂತ ಬರೆದೆ. ನಾನೇ ಬರೆದದ್ದು.”

ಆಕೆ ಬೈಯಲಿಲ್ಲ. ಬೈದಿದ್ದರೆ ಅವನು ಬಸ್ಸಿನಲ್ಲಿ ಮಾಡಿದಂತೆ ಕ್ಷಮೆ ಕೇಳಿ ಹಗುರಾಗಬಹುದಿತ್ತು. ಅವನನ್ನು ನೋಡಿದಳು, ಅಷ್ಟೇ; ಫೆಬ್ರವರಿಯಲ್ಲಿ ಅವನು ನೋಡದೆ ಬಿಟ್ಟ ಕಣ್ಣುಗಳು ಇವೇ. ಆಮೇಲೆ ಏನೋ ನೆನಪಾದವಳಂತೆ ಅವಳ ಹುಬ್ಬು ಗಂಟಿಕ್ಕಿತು. “ನಾಳೆ ಅವರು ಮೊದಲು ಕೇಳುವುದೇ ಇದನ್ನು ಸಾಹೇಬ. ಪೆನಿಸಿಲಿನ್ ಮೈಗೆ ಒಗ್ಗದಿದ್ದರೆ ಏನು ಮಾಡಬೇಕು, ಗೊತ್ತೋ ಇಲ್ಲವೋ. ಹೋದ ಎರಡು ಸಲ ಗೊತ್ತಿಲ್ಲ ಅಂದೆ. ಸುಳ್ಳಿ ಅಂದರು. ಈಗ ಗೊತ್ತಾಗಿದೆ. ಗೊತ್ತಿಲ್ಲ ಅಂತ ಹೇಗೆ ಹೇಳಲಿ?”

ಏಳು ನಿಮಿಷದಲ್ಲಿ ತಾನು ಮಾಡಿದ್ದೇನೆಂದು ಭೀಮಸೇನನಿಗೆ ಈಗ ಕಂಡಿತು. ತಡವಾಗಿಯಾದರೂ ಒಂದು ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದು ಒಳಗೊಳಗೇ ಎಲ್ಲೋ ಕರಗುತ್ತಿದ್ದವನು, ತನ್ನ ಸುಳ್ಳು ಸರ್ಟಿಫಿಕೇಟಿನಲ್ಲಿ ಬಾಕಿಯಿದ್ದ ಒಂದು ಸಂಖ್ಯೆಯನ್ನು ನಿಜ ಮಾಡಿ ಮುಗಿಸಿದ್ದ. ಇವಳು ನಾಳೆ ಗೊತ್ತಿದೆ ಎನ್ನುತ್ತಾಳೆ. ಬೇರೆಯವಳಾದರೆ ಸುಳ್ಳಾಡಿ ಉಳಿದುಕೊಳ್ಳುತ್ತಿದ್ದಳೇನೋ, ಇವಳು ಗೊತ್ತಿದೆ ಎಂದೇ ಹೇಳುತ್ತಾಳೆ. ಕಾಗದವೂ ಹಾಗೇ ಹೇಳುತ್ತದೆ. ಪಶ್ಚಾತ್ತಾಪವೂ ಕಡೆಗೆ ತನ್ನ ಕಡತದ ಸೇವೆಗೇ ಹೋಯಿತಲ್ಲ ಎಂದು ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಆದರೆ ಅಸಹ್ಯಪಟ್ಟುಕೊಂಡು ಕೂರುವುದೂ ಒಂದು ಸುಖವೆಂದು ಆರು ತಿಂಗಳಲ್ಲಿ ಅವನು ಕಂಡುಕೊಂಡಿದ್ದ. “ಗೊತ್ತಿದೆ ಅಂತಲೇ ಹೇಳಿ” ಎಂದ. “ಯಾವಾಗ ಗೊತ್ತಾಯಿತು ಅನ್ನುವುದನ್ನು ನಾನು ಬರೆಯುತ್ತೇನೆ. ಸ್ವಲ್ಪ ಹೊರಗೆ ಕೂತಿರಿ, ಹೋಗಬೇಡಿ.”

ಅಂದಾಜಿನ ಹಾಳೆಯನ್ನು ಬದಿಗಿಟ್ಟು ಸೂರತ್ತಿನ ಕಡತ ತೆರೆದ. ಗೋಪಾಲಕೃಷ್ಣನ ಕರಡನ್ನು ಹರಿದು ಬುಟ್ಟಿಗೆ ಹಾಕಿದ. ವಿಚಾರಣಾಧಿಕಾರಿಯ ಹಾಳೆಯಲ್ಲಿ ಮಂಡಳಿಯ ತರಬೇತಿ ನಮೂನೆಯ ಐದು ಪ್ರಶ್ನೆಗಳಿದ್ದವು, ಒಂದೊಂದರ ಮುಂದೆ ಒಂದೊಂದು ಗೆರೆಯ ಜಾಗ. ಪೆನ್ನಿನ ಮುಚ್ಚಳ ತೆಗೆದು ಕೂತಾಗ ನಳಿನಿಯ ಮುಖ ಬಂತು, ಆರ್ಡರು ಬಂದ ದಿನ ಮಾಡಬೇಕೆಂದು ಅವಳು ಹೇಳಿಟ್ಟ ಪೂಜೆ ಬಂತು, ಮಗಳ ಶಾಲೆ ಬಂತು. ಎಲ್ಲವೂ ಬಂದು ನಿಂತವು. ರಮಣನ ತಾಯಿಯಂತೆ ಯಾವುದೂ ಸರಿದು ದಾರಿ ಬಿಡಲಿಲ್ಲ. ಅವುಗಳ ನಡುವೆಯೇ ಬರೆದ. ನರ್ಸ್ ಇಚ್ಛಾಬೆನ್ ಅವರಿಗೆ ಈ ವಿಷಯದಲ್ಲಿ ತರಬೇತಿ ನೀಡಲಾಗಿದೆಯೇ: ಹೌದು. ಎಂದು: ಇಂದು, ೨೧ ಆಗಸ್ಟ್ ೧೯೬೭, ಮಧ್ಯಾಹ್ನ ಎರಡೂ ಕಾಲಿನಿಂದ ಎರಡೂ ಇಪ್ಪತ್ತೆರಡರವರೆಗೆ, ಇದಕ್ಕೆ ಮೊದಲು ಎಂದೂ ಇಲ್ಲ. ಎಲ್ಲಿ: ನನ್ನ ಕೋಣೆಯಲ್ಲಿ. ಯಾರಿಂದ: ನನ್ನಿಂದ. ತಗುಲಿದ ವೆಚ್ಚ ಎಂಬುದರ ಮುಂದೆ, ರಮಣ, ವಯಸ್ಸು ಇಪ್ಪತ್ತೆರಡು ಎಂದು ಬರೆದು ಸಹಿ ಮಾಡಿದ.

ಗೋಪಾಲಕೃಷ್ಣ ಹಾಳೆಯನ್ನು ಎರಡು ಸಲ ಓದಿದ. “ಸಾರ್, ತಾರೀಖು…”

“ತಾರೀಖು ಬರೋಬ್ಬರಿ ಅದ.”

“ಇದು ಹೋದ್ರೆ ದಿಲ್ಲಿಗೆ ಹೋದ ಸರ್ಟಿಫಿಕೇಟು… ತಮ್ಮ ಆರ್ಡರು…”

“ಗೊತ್ತದ ಗೋಪಾಲಕೃಷ್ಣ. ಟೈಪ್ ಮಾಡಿ ಎರಡು ಪ್ರತಿ ತೆಗೀರಿ. ಒಂದು ಟಪಾಲಿನ ಚೀಲದಾಗ ಹಾಕ್ರಿ. ಇನ್ನೊಂದು ಹೊರಗ ಕೂತಾಳಲ್ಲ, ಆಕೀ ಕೈಯಾಗ ಕೊಡ್ರಿ. ಜಲ್ದಿ ಮಾಡ್ರಿ, ಆಕಿ ಐದರ ರೈಲು ಹಿಡೀಬೇಕು.”